ಬನದ ಹುಣ್ಣಿಮೆಯಿಂದ ಬಸವ ಜಯಂತಿಯವರೆಗೆ

ಪುಷ್ಯ ಮಾಸದ ಹುಣ್ಣಿಮೆಗೆ ನಮ್ಮ ಭಾಗದಲ್ಲಿ ಬನದ ಹುಣ್ಣಿಮೆಯೆಂದು ಹೆಸರು. ಎರೆಹೊಲದ ಬಿಳಿಜೋಳ ಹಾಲುಗಟ್ಟಿ, ಸೀತನಿಯ ಸವಿ ನಾಲಗೆಗೆ ಹತ್ತುವ ಕಾಲವದು. ಅಂದಿನಿಂದ ವೈಶಾಖ ಶುದ್ಧ ತದಿಗೆಯ ಬಸವ ಜಯಂತಿಯವರೆಗೆ ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಸುತ್ತಣ ಜನರಿಗೆ ಒಂದಾದ ಮೇಲೊಂದು ಸಂಭ್ರಮ. ಬನಶಂಕರಿಯ ತೇರು, ತಿಂಗಳುಗಟ್ಟಲೆ ನಾಟಕ, ಶಿವರಾತ್ರಿಯ ಜಾಗರಣೆ, ಕಾಮದಹನ, ಬಣ್ಣದಾಟ, ಯುಗಾದಿಯ ಬೇವು, ಬಸವಣ್ಣನವರ ಮೆರವಣಿಗೆ. ಸುಗ್ಗಿಯ ಕೆಲಸ ಮುಗಿಯುತ್ತ ಬಂದಂತೆ ರೈತನಿಗೆ ಬಿಡುವು ದೊರೆಯುತ್ತದೆ, ಮನೆಯಲ್ಲಿ ಕಾಳು ಇರುತ್ತದೆ, ಬೀಗರು ಬರುತ್ತಾರೆ, ಮಗಳು ತವರಿಗೆ ಬರುತ್ತಾಳೆ.

ಈ ಸಂಭ್ರಮಗಳನ್ನು ಯಾರೋ ಒಬ್ಬರು ಏರ್ಪಡಿಸಿ ಉಳಿದವರು ನೋಡಿ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಪ್ರತಿಯೊಂದರ ಹಿಂದೆಯೂ ಒಂದೊಂದು ಊರಿನ, ಓಣಿಯ, ಮನೆತನದ ಹೊಣೆ ಇರುತ್ತಿತ್ತು. ಆ ಹೊಣೆಯನ್ನು ಹೊತ್ತವರು ಯಾರು, ಅದು ಇಂದು ಎಲ್ಲಿ ಸಡಿಲುತ್ತಿದೆ, ಮನೆಮಂದಿಯೆಲ್ಲ ಕೂಡಿ ಹಬ್ಬಕ್ಕೆ ಹೋಗುವ ಸ್ಥಿತಿ ಉಳಿದಿದೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ತೇರಿಗೆ ಹಗ್ಗ ತರುವ ಊರು

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರದ ಚೊಳಚಗುಡ್ಡದಲ್ಲಿ ಬನಶಂಕರಿಯ ದೇವಾಲಯವಿದೆ. ಈಗಿರುವ ಗುಡಿಯನ್ನು 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆ ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಎದುರಿಗೆ ಹರಿದ್ರಾ ತೀರ್ಥವೆಂಬ ಹೊಂಡ, ಅದರ ಮೂರು ಬದಿಗೆ ಕಲ್ಲಿನ ಮಂಟಪಗಳು. ದೇವಿಗೆ ಶಾಕಾಂಬರಿಯೆಂಬ ಹೆಸರೂ ಉಂಟು. ಹುಣ್ಣಿಮೆಗೆ ಮುನ್ನ ಬರುವ ಪಲ್ಲೇದ ಹಬ್ಬದಂದು 108 ಬಗೆಯ ಕಾಯಿಪಲ್ಯಗಳ ನೈವೇದ್ಯವಾಗುತ್ತದೆ. ಬರಗಾಲವನ್ನು ಪದೇ ಪದೇ ಕಂಡ ಈ ಒಣ ಸೀಮೆಯ ಜನ ತಮ್ಮ ತಾಯಿಯನ್ನು ಕಾಯಿಪಲ್ಯದ ರೂಪದಲ್ಲಿ ಪೂಜಿಸುವುದರಲ್ಲಿ ಒಂದು ಅರ್ಥವಿದೆ.

ಹುಣ್ಣಿಮೆಯ ಸಂಜೆ ತೇರು ಸಾಗುತ್ತದೆ. ತೇರನ್ನೆಳೆಯುವ ಹಗ್ಗ ಚೊಳಚಗುಡ್ಡದ್ದಲ್ಲ. ಅದನ್ನು ರೋಣ ತಾಲೂಕಿನ ಮಾಡಲಗೇರಿಯ ಭಕ್ತರು ಹಳಿಬಂಡಿಯಲ್ಲಿ ತರುತ್ತಾರೆ. ಆ ಬಂಡಿ ಬರುವ ತನಕ ತೇರು ಕಾಯುತ್ತದೆ. ಒಂದು ಊರಿನ ದೇವರ ತೇರು ಇನ್ನೊಂದು ಊರಿನವರ ಹಗ್ಗವಿಲ್ಲದೆ ಕದಲದು ಎಂಬ ಈ ಕಟ್ಟಳೆಯನ್ನು ಹಿರಿಯರು ಬಹಳ ಆಲೋಚಿಸಿಯೇ ಮಾಡಿರಬೇಕು. ಎರಡು ಊರುಗಳ ನಡುವೆ ಮನಸ್ತಾಪ ಬಂದರೂ ವರ್ಷಕ್ಕೊಮ್ಮೆ ಒಂದಾಗಲೇಬೇಕು.

ಜಾತ್ರೆಯಲ್ಲಿ ಬಾಗಿಲು, ಚೌಕಟ್ಟುಗಳ ವ್ಯಾಪಾರ ಬಹಳ. ಹೊಸ ಮನೆ ಕಟ್ಟುವವರು ಬನಶಂಕರಿಯ ಜಾತ್ರೆಗಾಗಿ ಕಾಯ್ದು ಇಲ್ಲಿಂದಲೇ ತಲೆಬಾಗಿಲು ಒಯ್ಯುವುದುಂಟು. ಗುಡಿಯ ಆವರಣದಲ್ಲಿ ಇಳಕಲ್ಲ ಸೀರೆಯುಟ್ಟ ತಾಯಂದಿರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ, ಪುಂಡಿಪಲ್ಯ, ಕೆಂಪು ಚಟ್ನಿ, ಕುಡಿಕೆಯಲ್ಲಿ ಗಟ್ಟಿ ಮೊಸರು ಇಟ್ಟುಕೊಂಡು ಕುಳಿತಿರುತ್ತಾರೆ. “ಉಣ್ಣ ಬಾ ಯಪ್ಪಾ, ಬಿಸಿಲಾಗ ಬಂದೀದಿ” ಎಂದು ಅವರು ಕರೆಯುವ ಧ್ವನಿಯಲ್ಲಿ ವ್ಯಾಪಾರಕ್ಕಿಂತ ಅಂತಃಕರಣವೇ ಹೆಚ್ಚು ಕೇಳಿಸುತ್ತದೆ. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಹೊತ್ತು ತಂದು, ಮಾರಿ, ಬಂದ ಹಣದಲ್ಲಿ ಸಂಸಾರ ತೂಗಿಸುವ ಈ ತಾಯಂದಿರದು ನಿಜವಾದ ಕಾಯಕ. ಜಾತ್ರೆಗೆ ಹೋದವರು ಇವರ ಬುಟ್ಟಿಯ ಊಟ ಉಂಡರೆ ಅವರ ಕಾಯಕಕ್ಕೆ ಆಸರೆಯಾದೀತು.

ನಾಟಕದ ಕಂಪನಿಗಳು

ಬನಶಂಕರಿಯ ಜಾತ್ರೆಗೆ ಇಡೀ ನಾಡಿನಲ್ಲಿ ಹೆಸರು ತಂದದ್ದು ನಾಟಕ. ತೇರಿನ ನಂತರ ಸುಮಾರು ಒಂದು ತಿಂಗಳು ಹಲವು ವೃತ್ತಿ ಕಂಪನಿಗಳು ಅಕ್ಕಪಕ್ಕದಲ್ಲಿಯೇ ತಗಡಿನ ಥಿಯೇಟರು ಹಾಕುತ್ತವೆ. ಒಂದೇ ದಿನ ಎರಡು ಮೂರು ಆಟಗಳು. ಕೊನೆಯ ಆಟ ಮುಗಿಯುವಾಗ ಬೆಳಗಾಗುತ್ತಿರುತ್ತದೆ. ದೂರದ ಹಳ್ಳಿಗಳಿಂದ ಟ್ರ್ಯಾಕ್ಟರು, ಟೆಂಪೋಗಳಲ್ಲಿ ಬಂದ ಕುಟುಂಬಗಳು ಒಂದು ಕಂಪನಿಯ ನಾಟಕ ನೋಡಿ ಮತ್ತೊಂದಕ್ಕೆ ಹೋಗುತ್ತವೆ.

ನಮ್ಮ ಸೀಮೆಗೂ ರಂಗಭೂಮಿಗೂ ಹಳೆಯ ನಂಟು. ‘ರಕ್ತರಾತ್ರಿ’ಯಂಥ ನಾಟಕ ಬರೆದ ಕಂದಗಲ್ಲ ಹನುಮಂತರಾಯರು 1896ರಲ್ಲಿ ಜನಿಸಿದರು; ಅವರ ಊರು ಕಂದಗಲ್ಲ ಅಂದಿನ ಹುನಗುಂದ ತಾಲೂಕಿನದು. ಇಂದಿಗೂ ಹಳ್ಳಿಯ ಹವ್ಯಾಸಿಗಳು ಅವರ ಮಾತುಗಳನ್ನು ಬಾಯಿಪಾಠ ಮಾಡಿ ಆಡುತ್ತಾರೆ. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಹಿಂದಿ ಚಿತ್ರಲೋಕದವರೆಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ನೆರೆಯ ಸವದತ್ತಿ ತಾಲೂಕಿನ ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನವರ ಪಾತ್ರ ವಹಿಸಿ ಮನೆಮಾತಾದರು. ನೂರು ವರ್ಷ ಮೀರಿ ಬಾಳಿ 2017ರಲ್ಲಿ ಅವರು ಲಿಂಗೈಕ್ಯರಾದರು. ಅಕ್ಷರ ಬಾರದ ನಮ್ಮ ಅಜ್ಜ ಅಜ್ಜಿಯರಿಗೆ ಕಲ್ಯಾಣದ ಕಥೆಯನ್ನು ಕಣ್ಣಿಗೆ ಕಟ್ಟಿಸಿದವರಲ್ಲಿ ಮಠದ ಪುರಾಣಿಕರ ಜೊತೆಗೆ ಇಂಥ ನಟರೂ ಇದ್ದರೆಂಬುದನ್ನು ಸಮಾಜ ಮರೆಯಬಾರದು.

ಇಂದಿನ ಕಂಪನಿಗಳ ಬದುಕು ಸುಲಭದ್ದಲ್ಲ. ಸ್ಥಳದ ಬಾಡಿಗೆ, ತಗಡು, ಬಿದಿರು, ವಿದ್ಯುತ್ತು, ಕಲಾವಿದರ ಪಗಾರ, ಎಲ್ಲಕ್ಕೂ ಮಾಲೀಕರು ಮೊದಲೇ ಸಾಲ ತೆಗೆಯಬೇಕು. ಮಳೆಗಾಲದ ತಿಂಗಳುಗಳಲ್ಲಿ ಆಟ ಸರಿಯಾಗಿ ಸಾಗುವುದಿಲ್ಲ. ಜಾತ್ರೆಯ ಒಂದು ತಿಂಗಳ ಗಳಿಕೆಯ ಮೇಲೆಯೇ ಉಳಿದ ದಿನಗಳ ಊಟ ನಿಂತಿರುತ್ತದೆ. ಕೋವಿಡ್ ರೋಗದ ಕಾಲದಲ್ಲಿ ಜಾತ್ರೆಗಳು ಮೊಟಕಾದಾಗ ಈ ಕುಟುಂಬಗಳು ಪಟ್ಟ ಕಷ್ಟ ಅಷ್ಟಿಷ್ಟಲ್ಲ.

ಹಲವು ನಾಟಕಗಳಲ್ಲಿ ದ್ವಂದ್ವಾರ್ಥದ ಮಾತು ಹೆಚ್ಚಾಗಿದೆ, ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಲು ಸಂಕೋಚವೆನಿಸುತ್ತದೆ ಎಂಬ ದೂರು ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ದೂರು ಸುಳ್ಳಲ್ಲ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ದೂರದರ್ಶನ, ಆಮೇಲೆ ಮೊಬೈಲು ಬಂದ ಮೇಲೆ ಕುಟುಂಬಗಳು ನಾಟಕಕ್ಕೆ ಬರುವುದು ಕಡಿಮೆಯಾಯಿತು. ಮುಂದಿನ ಸಾಲಿನಲ್ಲಿ ಸಿಳ್ಳೆ ಹಾಕುವ ಹುಡುಗರಷ್ಟೇ ಉಳಿದರು. ಅವರ ಟಿಕೆಟ್ಟನ್ನೇ ನಂಬಿದ ಮಾಲೀಕರು ಅವರಿಗೆ ಬೇಕಾದ ಮಾತನ್ನೇ ಬರೆಸಿದರು. ಅದನ್ನು ಕೇಳಿ ಉಳಿದ ಕುಟುಂಬಗಳೂ ದೂರವಾದವು. ಹೀಗೆ ನಾವು ಬಿಟ್ಟು ಬಂದ ಕುರ್ಚಿಯೇ ಆ ನಾಟಕದ ಭಾಷೆಯನ್ನು ಕೆಡಿಸಿತು ಎಂದರೆ ತಪ್ಪಾಗದು. ರಂಗದ ಮೇಲೆ ಅಂಥ ಮಾತಾಡಿ, ಅಂಥ ಮಾತು ಕೇಳಿ, ಬೆಳಗಾದರೆ ಕೂಸಿಗೆ ಹಾಲು ಕಾಸುವ ಕಲಾವಿದೆಗೂ ಅದು ಹಿತವಾದುದಲ್ಲ. ಒಂದು ಊರಿನ ಹತ್ತು ಕುಟುಂಬಗಳು ಒಟ್ಟಾಗಿ ಹೋಗಿ, ನಮಗೆ ಇಂಥ ಸಾಮಾಜಿಕ ನಾಟಕ, ಇಂಥ ಪೌರಾಣಿಕ ನಾಟಕ ಬೇಕೆಂದು ಮಾಲೀಕರನ್ನು ಕೇಳಿದರೆ ಅವರು ಬೇಡವೆನ್ನಲಾರರು.

ಹಲಗೆಯ ನಾದ

ಫಾಲ್ಗುಣ ಬಂತೆಂದರೆ ಬಾಗಲಕೋಟೆಯ ಓಣಿಗಳಲ್ಲಿ ಹಲಗೆಯ ನಾದ ಏಳುತ್ತದೆ. ಹಿರಿಯರಿಂದ ಮಕ್ಕಳು ಪೆಟ್ಟಿನ ಗತ್ತು ಕಲಿಯುತ್ತಾರೆ. ಕೋಲ್ಕತ್ತವನ್ನು ಬಿಟ್ಟರೆ ಹೆಚ್ಚು ದಿನ ಹೋಳಿಯಾಡುವ ಊರು ನಮ್ಮದೆಂದು ಬಾಗಲಕೋಟೆಯವರು ಅಭಿಮಾನದಿಂದ ಹೇಳುತ್ತಾರೆ. ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಮುಂತಾದ ಓಣಿಗಳಿಗೆ ಹಬ್ಬದಲ್ಲಿ ತಮ್ಮ ತಮ್ಮ ಪಾಳಿ, ಮರ್ಯಾದೆಗಳಿವೆ. ರಾತ್ರಿ ಸೋಗಿನ ಬಂಡಿಗಳು ಹೊರಡುತ್ತವೆ. ಪುರಾಣದ ಪ್ರಸಂಗಗಳನ್ನೂ ಊರಿನ ಅಂಕುಡೊಂಕುಗಳನ್ನೂ ವೇಷ ಕಟ್ಟಿ ತೋರಿಸುತ್ತಾರೆ. ಹಗಲಿನಲ್ಲಿ ಬಣ್ಣದ ಬಂಡಿಗಳು. ಬ್ಯಾರಲ್ಲುಗಳಲ್ಲಿ ಬಣ್ಣದ ನೀರು ತುಂಬಿಕೊಂಡ ಎರಡು ಓಣಿಯವರು ಎದುರುಬದುರಾದಾಗ ಆ ಬೀದಿಯಲ್ಲಿ ಯಾರು ಸಾಹುಕಾರ, ಯಾರು ಕೂಲಿಕಾರ ಎಂದು ಗುರುತು ಸಿಗದು. ಹಿಂದೂ, ಮುಸಲ್ಮಾನ, ಜೈನ ಎಂಬ ಭೇದವೂ ಆ ಬಣ್ಣದಲ್ಲಿ ಕರಗುತ್ತದೆ.

ಆದರೆ ಆ ಓಣಿಗಳ ಗತಿಯೇನಾಯಿತು? ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯಗುಂಟ ಏರಿ ಹಳೆಯ ಬಾಗಲಕೋಟೆಯ ಬಹುಭಾಗವನ್ನು ಬಲಿ ತೆಗೆದುಕೊಂಡಿತು. ಸಾವಿರಾರು ಕುಟುಂಬಗಳು ಮನೆ ಮಾರು ಬಿಟ್ಟು ನವನಗರಕ್ಕೆ ಬಂದವು. ಇಂದು ಜಲಾಶಯದಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲುತ್ತದೆ; 2010ರ ನ್ಯಾಯಮಂಡಳಿಯ ತೀರ್ಪು 524.256 ಮೀಟರಿಗೆ ಅನುಮತಿಸಿದೆ. ಎತ್ತರ ಹೆಚ್ಚಿದಂದು ಇನ್ನಷ್ಟು ಮನೆಗಳು ಹೋಗಲಿವೆ. ನವನಗರದಲ್ಲಿ ರಸ್ತೆಗಳು ಅಗಲವಾಗಿವೆ, ಶಾಲೆ, ಆಸ್ಪತ್ರೆ, ಕಚೇರಿಗಳಿವೆ. ಆದರೆ ಓಣಿಯ ಹೆಸರಿನ ಜಾಗದಲ್ಲಿ ಸೆಕ್ಟರಿನ ಅಂಕಿ ಬಂದಿದೆ. ಗೋಡೆಗೆ ಗೋಡೆ ಹತ್ತಿ, ಒಂದೇ ಕಟ್ಟೆಯ ಮೇಲೆ ಸಂಜೆ ಕಳೆಯುತ್ತಿದ್ದವರು ಈಗ ಬೇರೆ ಬೇರೆ ಸೆಕ್ಟರುಗಳಲ್ಲಿದ್ದಾರೆ.

ಅಂಥವರನ್ನು ಮತ್ತೆ ಕೂಡಿಸುವ ಶಕ್ತಿ ಹೋಳಿಗಿದೆ. ನವನಗರ, ವಿದ್ಯಾಗಿರಿಗಳಲ್ಲಿಯೂ ಈಗ ಬಣ್ಣದಾಟ ನಡೆಯುತ್ತದೆ. ಆದರೂ ಹಲಗೆಯ ಸದ್ದಿಗೆ ಹಳೆಯ ಊರಿಗೆ ಬರುವವರ ಸಂಖ್ಯೆ ದೊಡ್ಡದು. ಮನೆ ಮುಳುಗಿದರೂ ಹಬ್ಬದಲ್ಲಿ ಓಣಿ ಬದುಕಿದೆ. ಇಂಥ ಹಬ್ಬದಿಂದ ಹೆಣ್ಣುಮಕ್ಕಳೂ ವೃದ್ಧರೂ ಬಾಗಿಲು ಹಾಕಿಕೊಂಡು ಒಳಗೆ ಕೂಡುವಂತಾದರೆ ಅರ್ಧ ಓಣಿಯನ್ನು ನಾವೇ ಮುಳುಗಿಸಿದಂತೆ. ಕುಡಿದು ಬೀದಿಗಿಳಿಯುವುದು, ಎಣ್ಣೆಬಣ್ಣ ಬಳಿಯುವುದು, ಒಲ್ಲೆನೆಂದವರ ಮೇಲೆ ಬಲವಂತ ಮಾಡುವುದು ಹೋಳಿಯ ಸಂಪ್ರದಾಯಕ್ಕೆ ಸೇರಿದವಲ್ಲ. ಆ ದಿನಗಳಲ್ಲಿ ಮದ್ಯದಂಗಡಿ ಮುಚ್ಚಿಸಲು ಸರಕಾರಿ ಆದೇಶ ಹೊರಡುವುದು ವಾಡಿಕೆ. ಅಂಗಡಿ ಮುಚ್ಚಿಸಬಹುದು, ಚಟ ಬಿಡಿಸಲು ಮಾತ್ರ ಬೇರೆ ದಾರಿ ಬೇಕು.

ಇಳಕಲ್ಲಿನ ಜೋಳಿಗೆ

ಆ ದಾರಿಯನ್ನು ತೋರಿದವರು ನಮ್ಮ ಇಳಕಲ್ಲಿನಲ್ಲಿಯೇ ಇದ್ದರು. ಚಿತ್ತರಗಿ-ಇಳಕಲ್ಲ ಶ್ರೀ ವಿಜಯ ಮಹಾಂತೇಶ್ವರ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಅಪ್ಪಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದರು. ಕಾಳು ಕಡಿ ಬೇಡುವ ಜೋಳಿಗೆಯಲ್ಲಿ ಅವರು ಬೇಡಿದ್ದು ದುಶ್ಚಟಗಳನ್ನು. ಓಣಿ ಓಣಿಗೆ, ಮನೆ ಮನೆಗೆ ಹೋಗಿ, ‘ನಿನ್ನ ಚಟವನ್ನು ಈ ಜೋಳಿಗೆಗೆ ಹಾಕು’ ಎಂದು ಕೇಳುತ್ತಿದ್ದರು. ಬೀಡಿ, ತಂಬಾಕು, ಗುಟಕಾ ಚೀಟಿಗಳನ್ನು ಜೋಳಿಗೆಗೆ ಹಾಕಿ ಜನ ಪ್ರತಿಜ್ಞೆ ಮಾಡುತ್ತಿದ್ದರು. ಯಾರನ್ನೂ ಬೈಯದೆ, ಕೈಯೊಡ್ಡಿ ಬೇಡಿದ್ದೇ ಅದರ ಗುಟ್ಟು. ಗುರುಗಳೇ ಮನೆಬಾಗಿಲಿಗೆ ಬಂದು ಬೇಡಿದಾಗ ಇಲ್ಲವೆನ್ನುವುದು ಕಷ್ಟ. ಅಪ್ಪಗಳು 2018ರ ಮೇ 19ರಂದು ಲಿಂಗೈಕ್ಯರಾದರು. ಅವರು ಜನಿಸಿದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತ ಬಂದಿದೆ.

ಜೋಳಿಗೆ ಹಿಡಿಯಲು ಕಾವಿಯೇ ಬೇಕೆಂದಿಲ್ಲ. ಹೋಳಿಯ ಮುನ್ನಾದಿನ ಓಣಿಯ ಹಿರಿಯರು, ತಾಯಂದಿರು ತಮ್ಮ ಹುಡುಗರ ಮುಂದೆ ಸೆರಗೊಡ್ಡಿ, ‘ಈ ಮೂರು ದಿನ ಮುಟ್ಟಬ್ಯಾಡಪ್ಪಾ’ ಎಂದು ಕೇಳಬಾರದೇಕೆ? ಅದೇ ವೇಳೆಗೆ ಗುಡ್ಡಗಳಲ್ಲಿ ಮುತ್ತುಗದ ಹೂವು ಅರಳಿರುತ್ತದೆ. ಅದನ್ನು ಕುದಿಸಿದರೆ ಮೈಗೆ ಕೇಡಿಲ್ಲದ ಕೇಸರಿ ಬಣ್ಣ ಸಿಗುತ್ತದೆ. ಮಕ್ಕಳಿಗೆ ಈ ಕೆಲಸ ಹಚ್ಚಿದರೆ ಅದೂ ಒಂದು ಆಟವೇ.

ಸಂಗಮದ ಸನ್ನಿಧಿಯಲ್ಲಿ

ಬಣ್ಣ ತೊಳೆದು ಹದಿನೈದು ದಿನಕ್ಕೆ ಯುಗಾದಿ. ಬೇವಿನ ಹೂವು, ಬೆಲ್ಲ, ಪುಠಾಣಿ, ಮಾವಿನಕಾಯಿ ಬೆರೆಸಿದ ಬೇವನ್ನು ನಮ್ಮ ಕಡೆ ಪಾನಕದಂತೆ ಕುಡಿಯುವುದು ರೂಢಿ. ಅದಾಗಿ ತಿಂಗಳು ಕಳೆಯುವಷ್ಟರಲ್ಲಿ ಬಸವ ಜಯಂತಿ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆಯರು ಕೂಡುತ್ತಾರೆ. ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಿಕೊಳ್ಳಲಾಗಿದೆ. ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ನೀರು ಸುತ್ತುವರಿದರೂ ಉಳಿಸಬೇಕಾದುದನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಅದೇ ಸಾಕ್ಷಿ.

ಈ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿ 1913ರಲ್ಲಿ ದಾವಣಗೆರೆಯಲ್ಲಿ ಆರಂಭವಾಯಿತು. ಅದಕ್ಕೆ ಕಾರಣರಾದ ಹರ್ಡೇಕರ ಮಂಜಪ್ಪನವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಕೃಷ್ಣೆಯ ದಂಡೆಯ ಆಲಮಟ್ಟಿಯಲ್ಲಿ. 1947ರಲ್ಲಿ ಅಲ್ಲಿಯೇ ಲಿಂಗೈಕ್ಯರಾದರು. 2024ರಲ್ಲಿ ಕರ್ನಾಟಕ ಸರಕಾರ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ನಮ್ಮ ಊರುಗಳಲ್ಲಿ ಅಂದು ಎತ್ತುಗಳ ಮೈ ತೊಳೆದು, ಕೋಡು ಸಿಂಗರಿಸಿ ಮೆರವಣಿಗೆ ಮಾಡುತ್ತಾರೆ. ತಾಯಂದಿರು ಬಾಲಬಸವನನ್ನು ತೊಟ್ಟಿಲಲ್ಲಿ ಹಾಕಿ ಜೋಗುಳ ಹಾಡುತ್ತಾರೆ. ಈ ತೊಟ್ಟಿಲ ಕಾರ್ಯಕ್ರಮಕ್ಕೆ ದುಬಾರಿ ಪೆಂಡಾಲು ಬೇಕಿಲ್ಲ, ಧ್ವನಿವರ್ಧಕದ ಅಬ್ಬರವೂ ಬೇಕಿಲ್ಲ. ಪಡಸಾಲೆಯೊಂದು ಸಾಕು, ಹಾಡು ಬಲ್ಲ ಅಜ್ಜಿಯೊಬ್ಬಳಿದ್ದರೆ ಸಾಕು. ಆ ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳು ಕುಳಿತು ಹಾಡು ಕಲಿಯುವುದು ಮಾತ್ರ ಅವಶ್ಯ.

ಬನದ ಹುಣ್ಣಿಮೆಯಿಂದ ಬಸವ ಜಯಂತಿಗೆ ಮೂರೂವರೆ ತಿಂಗಳು. ಈ ಅವಧಿಯಲ್ಲಿ ನಮ್ಮ ಒಂದೊಂದು ಮನೆಯೂ ಒಂದೊಂದು ಹೊಣೆ ಹೊರಲಿ. ಜಾತ್ರೆಗೆ ಹೋದಾಗ ಒಂದು ನಾಟಕಕ್ಕಾದರೂ ಮನೆಮಂದಿಯೆಲ್ಲ ಟಿಕೆಟ್ಟು ತೆಗೆದು ಕೂಡೋಣ. ನವನಗರದಲ್ಲಿರುವವರು ಹೋಳಿಗೆ ಹಳೆಯ ಓಣಿಯ ನೆರೆಯವರನ್ನು ಹುಡುಕಿಕೊಂಡು ಹೋಗಲಿ. ಮನೆಯ ಹುಡುಗರ ಮುಂದೆ ಜೋಳಿಗೆಯೊಡ್ಡಲು ಹಿರಿಯರು ನಾಚದಿರಲಿ. ಮಾಡಲಗೇರಿಯವರು ತಂದ ಹಗ್ಗಕ್ಕೆ ಸಾವಿರ ಕೈ ಹತ್ತಿದರೆ ತೇರು ಹಗುರಾಗಿ ಸಾಗುತ್ತದೆ. ಆ ಸಾವಿರದಲ್ಲಿ ನಮ್ಮ ಮನೆಯ ಕೈಯೂ ಇರಲೆಂಬುದೇ ನಮ್ಮ ಹಾರೈಕೆ.