ಡೇರಿಯ ಹಳೆ ಕಂಪ್ಯೂಟರಿಗೆ ಹೊಸ ಲೆಕ್ಕ: ವಿಂಡೋಸ್ ಇಲ್ಲದೆಯೂ ನಡೆಯುತ್ತದೆಯೇ?



ಈ ಸಲ ಕೆಚ್ಚಲು ಬಾವಿನ ಬಗ್ಗೆಯೂ ಬರೆಯುತ್ತಿಲ್ಲ, ಕಾಲುಬಾಯಿ ಲಸಿಕೆಯ ಬಗ್ಗೆಯೂ ಬರೆಯುತ್ತಿಲ್ಲ. ಕೆಲವು ತಿಂಗಳಿಂದ ಮಂಗಸೂಳಿ, ಐನಾಪುರ, ಉಗಾರ ಕಡೆ ಚಿಕಿತ್ಸೆಗೆ ಹೋದಾಗಲೆಲ್ಲ ಕೈ ತೊಳೆದುಕೊಳ್ಳುವ ಹೊತ್ತಿಗೆ ಒಂದೇ ಪ್ರಶ್ನೆ ಬರುತ್ತಿದೆ: "ಡಾಕ್ಟರ್ ಸಾಹೇಬ್ರ, ಆಕಳಾ ನೋಡಿದ್ದಾತು, ನಮ್ಮ ಡೇರಿ ಕಂಪ್ಯೂಟರಿಗೂ ಏನಾರ ಔಷಧ ಐತೇನ್ರಿ?"

ಪ್ರಶ್ನೆಗೆ ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದು ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ಆದರೆ ವೈರಸ್ ತಡೆಯುವ ಹೊಸ ತಿದ್ದುಪಡಿಗಳು ಮೊದಲಿನಂತೆ ತಾವಾಗಿ ಬರುವುದು ನಿಂತಿತು. ವಿಂಡೋಸ್ 11 ಹಾಕಿಸೋಣವೆಂದರೆ ಸುಮಾರು 2018ಕ್ಕಿಂತ ಮೊದಲು ಕೊಂಡ ಹೆಚ್ಚಿನ ಯಂತ್ರಗಳು ಅದಕ್ಕೆ ಹೊಂದುವುದಿಲ್ಲ. ರಿಪೇರಿ ಅಂಗಡಿಯವರು "ಹೊಸಾದು ತಗೋರಿ" ಎನ್ನುತ್ತಾರೆ. ಸಂಘದ ಆಡಳಿತ ಮಂಡಳಿ ಅಷ್ಟು ಹಣ ಎಲ್ಲಿಂದ ತರುವುದೆಂದು ಕೂತಿದೆ. ಲಿನಕ್ಸ್ ಹಾಕಿದರೆ ಅದೇ ಯಂತ್ರ ಇನ್ನೂ ಐದಾರು ವರ್ಷ ನಡೆಯುತ್ತದೆ ಎಂದು ಓದಿದ ಮಕ್ಕಳು ಹೇಳುತ್ತಾರೆ. ಮಕ್ಕಳು ಹೇಳುವುದು ನಿಜ. ಲಿನಕ್ಸ್‌ಗೆ ಪರವಾನಗಿ ಶುಲ್ಕವೂ ಇಲ್ಲ. ಆದರೆ ಯಂತ್ರ ಓಡುವುದು ಬೇರೆ, ಸಂಘದ ಲೆಕ್ಕ ಅದರ ಮೇಲೆ ಓಡುವುದು ಬೇರೆ.

ಪಶುವೈದ್ಯರಿಗೆ ಈ ಉಸಾಬರಿ ಏಕೆ ಎಂದರೆ ನನ್ನ ಕೆಲಸವೂ ಆ ಲೆಕ್ಕದ ಮೇಲೆ ನಿಂತಿದೆ. "ಎಮ್ಮಿ ಹಾಲು ಕಡಿಮಿ ಮಾಡೇತ್ರಿ" ಎಂದು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುವುದು ಡೇರಿಯ ಹಿಂದಿನ ತಿಂಗಳ ಪಟ್ಟಿಯನ್ನು. ಹಾಲು ನಿಧಾನಕ್ಕೆ ಇಳಿಯಿತೋ ಒಮ್ಮೆಲೇ ಇಳಿಯಿತೋ, ಎಸ್.ಎನ್.ಎಫ್. ಕೂಡ ಇಳಿಯಿತೋ ಎಂಬುದು ಅಲ್ಲಿ ಕಾಣುತ್ತದೆ. ಹೊರಗೆ ಏನೂ ಕಾಣದ ಒಳ ಕೆಚ್ಚಲು ಬಾವಿನ ಅನುಮಾನ ನನಗೆ ಎಷ್ಟೋ ಸಲ ಬಂದದ್ದು ಆ ಪಟ್ಟಿಯಿಂದಲೇ. ಪಟ್ಟಿ ಒಬ್ಬರ ಪಾಸ್‌ವರ್ಡ್ ಹಿಂದೆ ಬೀಗ ಹಾಕಿಕೊಂಡಿದ್ದರೆ ನನಗೂ ಕಷ್ಟ, ನಿಮಗೂ ನಷ್ಟ.

ಈ ಭಾಗದ ಒಂದು ಮಹಿಳಾ ಸಂಘದಲ್ಲಿ ಆದದ್ದು ಇಷ್ಟು. ತಂತ್ರಾಂಶ ಹಾಕಿಕೊಟ್ಟವನು ಊರು ಬಿಟ್ಟು ಪುಣೆಗೆ ಹೋದ. ಕಂಪ್ಯೂಟರ್ ಕೆಟ್ಟಿತು. ಒಳಗಿನ ಲೆಕ್ಕ ತೆಗೆಯುವ ದಾರಿ ಅವನಿಗೆ ಮಾತ್ರ ಗೊತ್ತಿತ್ತು. ಆ ಸಲದ ಬಟವಾಡೆ ತಡವಾಯಿತು. ಹಿಂಡಿಯ ಬಾಕಿ ಯಾರದು ಎಷ್ಟು ಎಂಬುದಕ್ಕೆ ಸದಸ್ಯೆಯರ ಪಾಸ್‌ಬುಕ್ಕುಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಬೇಕಾಯಿತು. ಪಾಸ್‌ಬುಕ್ ಬರೆಸದವರು ಕಾರ್ಯದರ್ಶಿ ಅಕ್ಕ ಹೇಳಿದ್ದನ್ನೇ ಒಪ್ಪಬೇಕಾಯಿತು. ಆಕೆ ಪ್ರಾಮಾಣಿಕಳು, ಆದರೂ ಬಾವಿಕಟ್ಟೆಯ ಮೇಲೆ ಮಾತು ಬಂದೇ ಬಂತು.

ನಮ್ಮ ರಾಜ್ಯದಲ್ಲಿ ಮಹಿಳೆಯರದೇ ಹಾಲು ಸಂಘಗಳು ಬೆಳೆದದ್ದು ಕೇಂದ್ರ ಸರ್ಕಾರದ 'ಸ್ಟೆಪ್' ಯೋಜನೆಯ ಆಸರೆಯಲ್ಲಿ. 1986-87ರಲ್ಲಿ ಶುರುವಾದ ಆ ಯೋಜನೆಯ ಆಶಯ ಹಾಲಿನ ಹಣ ಹಾಲು ಕರೆದವಳ ಕೈಗೇ ಬರಬೇಕು ಎಂಬುದಾಗಿತ್ತು. ಕೈಗೆ ಹಣ ಬಂದು ಲೆಕ್ಕ ಮಾತ್ರ ಬೇರೆಯವರ ಕೈಯಲ್ಲಿ ಉಳಿದರೆ ಅದು ಅರ್ಧ ಕೆಲಸ. ಅದಕ್ಕೇ ತಂತ್ರಾಂಶದ ಆಯ್ಕೆಯನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಮಾಡಿ, ಠರಾವು ಬರೆಯಿರಿ ಎಂದು ನಾನು ಹೇಳುತ್ತೇನೆ.

ಎರಡು ಲೆಕ್ಕ, ಎರಡು ತಂತ್ರಾಂಶ

ಬಹಳ ಗೊಂದಲ ಇರುವುದು ಇಲ್ಲಿ. ಡೇರಿಯಲ್ಲಿ ನಡೆಯುವುದು ಎರಡು ಬಗೆಯ ಲೆಕ್ಕ. ಬೆಳಿಗ್ಗೆ-ಸಂಜೆ ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ದರ ಎಷ್ಟು ಎಂಬುದು ಹಾಲು ಸಂಗ್ರಹದ ಲೆಕ್ಕ. ರೋಕಡ ಕಿರ್ದಿ, ಖಾತೆವಹಿ, ಲಾಭ-ಹಾನಿ ತಖ್ತೆ, ಅಢಾವೆ ಪತ್ರಿಕೆ ಇವೆಲ್ಲ ಸಂಘದ ಜಮಾ-ಖರ್ಚಿನ ಲೆಕ್ಕ. ಅಂಗಡಿಯಲ್ಲಿ ಸಿಗುವ ವ್ಯಾಪಾರದ ತಂತ್ರಾಂಶಕ್ಕೆ ಫ್ಯಾಟ್ ಗೊತ್ತಿಲ್ಲ. ಹಾಲಿನ ತಂತ್ರಾಂಶಗಳಲ್ಲಿ ಕೆಲವಕ್ಕೆ ಅಢಾವೆ ಗೊತ್ತಿಲ್ಲ.

ಹಾಲು ಸಂಗ್ರಹದ ತಂತ್ರಾಂಶವನ್ನು ಸಂಘ ತಾನೊಂದೇ ಆರಿಸಬಾರದು. ಅದರ ಅಂಕಿ ಒಕ್ಕೂಟಕ್ಕೆ ಹೋಗುತ್ತದೆ, ಸರ್ಕಾರದ ಪ್ರೋತ್ಸಾಹಧನವೂ ಅದೇ ಅಂಕಿಯ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲು ವಿಸ್ತರಣಾಧಿಕಾರಿಯನ್ನು ಕೇಳಿರಿ. ಲಿನಕ್ಸ್ ಎಂದ ಕೂಡಲೇ "ಆಗೋದಿಲ್ಲ" ಎಂಬ ಉತ್ತರ ಯಾರಿಂದಲಾದರೂ ಬಂದರೆ ಒಂದು ಮಾತು ನೆನಪಿರಲಿ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಾಲು ಸಂಘಗಳಿಗೆಂದೇ ಮಾಡಿಸಿದ ಎ.ಎಂ.ಸಿ.ಎಸ್. ಎಂಬ ತಂತ್ರಾಂಶ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೂರರ ಮೇಲೂ ನಡೆಯುತ್ತದೆ. ಅದು ಹಲವು ಭಾರತೀಯ ಭಾಷೆಗಳಲ್ಲಿದೆ. ನಮ್ಮ ಗಡಿಯ ಊರುಗಳಲ್ಲಿ ಒಂದೇ ಸಾಲಿನಲ್ಲಿ ಕನ್ನಡ ಓದುವವರೂ ಮರಾಠಿ ಓದುವವರೂ ಕ್ಯಾನು ಹಿಡಿದು ನಿಲ್ಲುತ್ತಾರೆ. ಚೀಟಿ ಅವರವರ ಭಾಷೆಯಲ್ಲಿ ಬಂದರೆ ಅರ್ಧ ಜಗಳ ಕಡಿಮೆ.

ಯಾವ ತಂತ್ರಾಂಶ ಬಂದರೂ ಅದನ್ನು ಕೊಳ್ಳುವ ಮೊದಲು ನೀವೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ.

ಮೊದಲನೆಯದು ಕೆ.ಜಿ. ಮತ್ತು ಲೀಟರಿನದು. ತೂಕದ ಯಂತ್ರ ತೋರಿಸುವುದು ಕೆ.ಜಿ., ಪ್ರೋತ್ಸಾಹಧನ ಬರುವುದು ಲೀಟರಿಗೆ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಹಾಗಾಗಿ 100 ಕೆ.ಜಿ. ಹಾಲು ಎಂದರೆ ಸುಮಾರು 97 ಲೀಟರ್. ತಂತ್ರಾಂಶದಲ್ಲಿ 100 ಕೆ.ಜಿ. ಎಂದು ಬರೆದು, ಲೀಟರ್ ಎಷ್ಟು ತೋರಿಸುತ್ತದೆ ನೋಡಿರಿ. 100 ಎಂದೇ ತೋರಿಸಿದರೆ ನಾಳೆ ಒಕ್ಕೂಟದ ಅಂಕಿಗೆ ನಿಮ್ಮದು ತಾಳೆಯಾಗುವುದಿಲ್ಲ. 94 ಎಂದು ತೋರಿಸಿದರೆ ಎರಡು ಸಲ ಭಾಗಿಸಿದೆ ಎಂದರ್ಥ. ಆಗ ಪ್ರತಿ 100 ಕೆ.ಜಿ.ಗೆ ಸುಮಾರು 3 ಲೀಟರಿನ ಪ್ರೋತ್ಸಾಹಧನ ಹಾಲು ಹಾಕಿದವಳ ಕೈಬಿಟ್ಟು ಹೋಯಿತು. ಹಾಲಿನ ದರವನ್ನೂ ಲೀಟರಿಗೆ ಕಟ್ಟಿದ್ದರೆ ನಷ್ಟ ಅದಕ್ಕಿಂತ ಎಷ್ಟೋ ಹೆಚ್ಚು.

ಎರಡನೆಯದು ಎಸ್.ಎನ್.ಎಫ್. ಸೂತ್ರ. ಲ್ಯಾಕ್ಟೋಮೀಟರ್ ಇಟ್ಟು ಸಿ.ಎಲ್.ಆರ್. ತೆಗೆಯುವ ಕಡೆ ಸಾಮಾನ್ಯವಾಗಿ ಬಳಸುವ ಲೆಕ್ಕ ಹೀಗಿದೆ: ಸಿ.ಎಲ್.ಆರ್. ಅನ್ನು 4ರಿಂದ ಭಾಗಿಸಿ, ಫ್ಯಾಟನ್ನು 0.21ರಿಂದ ಗುಣಿಸಿ, ಎರಡನ್ನೂ ಕೂಡಿಸಿ 0.36 ಸೇರಿಸುವುದು. ಸಿ.ಎಲ್.ಆರ್. 28, ಫ್ಯಾಟ್ 4.0 ಇದ್ದರೆ 7 ಮತ್ತು 0.84 ಮತ್ತು 0.36, ಒಟ್ಟು 8.20. ಕೊನೆಯ ಅಂಕಿ ಬೇರೆಯಿರುವ ಸೂತ್ರಗಳೂ ಬಳಕೆಯಲ್ಲಿವೆ. 0.36ರ ಬದಲು 0.44 ಇಟ್ಟಿದ್ದರೆ ಅದೇ ಹಾಲು 8.28 ಆಗುತ್ತದೆ. ದರಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೋ ಕೆಳಗೋ ಹೋಗಲು ಇಷ್ಟು ಸಾಕು. ಒಕ್ಕೂಟದ ಸೂತ್ರವೇ ತಂತ್ರಾಂಶದಲ್ಲಿದೆಯೇ ಎಂದು ಕೇಳಿರಿ, ಕಾಗದದ ಮೇಲೆ ಲೆಕ್ಕ ಹಾಕಿ ತಾಳೆ ನೋಡಿರಿ. ನಾಲ್ಕನೇ ಇಯತ್ತೆ ಓದಿದವರೂ ಇದನ್ನು ಮಾಡಬಲ್ಲರು, ನಾನು ನೋಡಿದ್ದೇನೆ.

ಹಾಲು ಪರೀಕ್ಷಾ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಕೇಬಲ್ ಬಗ್ಗೆಯೂ ಎಚ್ಚರ ಬೇಕು. ಆ ಕೇಬಲ್ಲಿಗೆ ಸಿಗುವ ಯು.ಎಸ್.ಬಿ. ಜೋಡಕಗಳಲ್ಲಿ ಹೆಚ್ಚಿನವನ್ನು ಲಿನಕ್ಸ್ ಗುರುತಿಸುತ್ತದೆ. ಆದರೆ ನಿಮ್ಮ ಯಂತ್ರದ ಅಂಕಿಯನ್ನು ಓದುವ ತಂತ್ರಾಂಶವೂ ಇರಬೇಕು. ಮಾರುವವರು ಮೊಬೈಲಿನಲ್ಲಿ ತೋರಿಸಿದ್ದನ್ನು ಕಂಡು ಒಪ್ಪಬೇಡಿರಿ. ನಿಮ್ಮ ಡೇರಿಯಲ್ಲಿ, ನಿಮ್ಮ ಯಂತ್ರದ ಮೇಲೆ, ಒಂದು ಸಂಜೆಯ ಹಾಲು ತೆಗೆದು ತೋರಿಸಲಿ.

ಜಮಾ-ಖರ್ಚಿಗೆ ಯಾವುದು?

ಲೆಕ್ಕದ ತಂತ್ರಾಂಶ ಎಂದರೆ ಎಲ್ಲರ ಬಾಯಲ್ಲಿ ಬರುವುದು ಟ್ಯಾಲಿ. ಅದು 1986ರಲ್ಲಿ ಶುರುವಾದದ್ದು, ನಮ್ಮ ಬೆಂಗಳೂರಿನದೇ ಕಂಪನಿ. ಲೆಕ್ಕ ಪರಿಶೋಧಕರಿಗೆ ಅದು ಅಂಗೈ ರೇಖೆಯಷ್ಟು ಪರಿಚಿತ. ಆದರೆ ಅದು ವಿಂಡೋಸ್‌ಗಾಗಿ ಮಾಡಿದ್ದು. ಬಾಡಿಗೆ ಸರ್ವರಿನ ಮೇಲೆ ಇಟ್ಟು ಇಂಟರ್‌ನೆಟ್ ಮೂಲಕ ಲಿನಕ್ಸ್‌ನಲ್ಲಿ ತೆರೆಯುವ ದಾರಿ ಇದೆ, ಬಾಡಿಗೆ ಕಟ್ಟುತ್ತಲೇ ಇರಬೇಕು. 'ವೈನ್' ಎಂಬ ಉಪಾಯದಿಂದ ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್ ಮೇಲೆ ಓಡಿಸಿ ತೋರಿಸುವ ಹುಡುಗರೂ ಇದ್ದಾರೆ. ಸಂಘದ ಲೆಕ್ಕಕ್ಕೆ ಅದು ಬೇಡ ಎಂಬುದು ನನ್ನ ಮಾತು. ಕೆಟ್ಟ ದಿನ ಯಾರೂ ಜವಾಬ್ದಾರರಾಗುವುದಿಲ್ಲ.

ಒಂದೇ ಊರಿನ ಸಣ್ಣ ಸಂಘಕ್ಕೆ ನಾನು ಮೊದಲು ತೋರಿಸುವುದು 'ಗ್ನೂಕ್ಯಾಶ್' ಎಂಬ ಉಚಿತ ತಂತ್ರಾಂಶವನ್ನು. ಇದಕ್ಕೆ ಇಂಟರ್‌ನೆಟ್ ಬೇಡ. ಲಿನಕ್ಸ್ ಮೇಲೂ ವಿಂಡೋಸ್ ಮೇಲೂ ನಡೆಯುವುದರಿಂದ ನಾಳೆ ಯಂತ್ರ ಬದಲಾದರೂ ಲೆಕ್ಕ ಜೊತೆಗೆ ಬರುತ್ತದೆ. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಎಂಬ ಜೋಡಿ ನಮೂದು ಪದ್ಧತಿಯದು. ಎರಡೂ ತಾಳೆಯಾಗದಿದ್ದರೆ ಉಳಿದ ಮೊತ್ತವನ್ನು ಬೇರೆ ಖಾತೆಯಲ್ಲಿ ಎತ್ತಿ ತೋರಿಸುತ್ತದೆ. ಖಾತೆಗಳ ಹೆಸರನ್ನು 'ಪಶು ಆಹಾರ ಮಾರಾಟ', 'ಸ್ಥಳೀಯ ಹಾಲು ಮಾರಾಟ' ಎಂದು ಕನ್ನಡದಲ್ಲೇ ಬರೆಯಬಹುದು. ಇದರ ಕೊರತೆಯನ್ನೂ ಹೇಳಬೇಕು. ಬರೆದದ್ದನ್ನು ಆಮೇಲೆ ಅಳಿಸಿದರೆ ಯಾರು ಅಳಿಸಿದರು ಎಂಬ ಗುರುತು ಉಳಿಯುವುದಿಲ್ಲ. ಇಷ್ಟು ದಿನಕ್ಕಿಂತ ಹಳೆಯ ನಮೂದುಗಳನ್ನು ತಿದ್ದಬಾರದು ಎಂದು ಇಡುವ ಸೌಲಭ್ಯ ಇದೆಯಾದರೂ ಇಟ್ಟವರೇ ತೆಗೆಯಬಹುದು. ಹಾಗಾಗಿ ತಿಂಗಳಿಗೊಮ್ಮೆ ರೋಕಡ ಕಿರ್ದಿಯನ್ನು ಮುದ್ರಿಸಿ, ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಇಬ್ಬರೂ ಪ್ರತಿ ಪುಟಕ್ಕೆ ರುಜು ಹಾಕಿ ಕಡತದಲ್ಲಿ ಇಡುವುದು ಕಡ್ಡಾಯ ಮಾಡಿಕೊಳ್ಳಿರಿ.

ನೀವು ಸಂಘವಾಗಿರದೆ ಹಾಲು ಉತ್ಪಾದಕರ ಕಂಪನಿಯಾಗಿ ನೋಂದಾಯಿಸಿಕೊಂಡಿದ್ದರೆ ಗ್ನೂಕ್ಯಾಶ್ ಸಾಲದು. ಕಂಪನಿ ಕಾಯ್ದೆಯ ನಿಯಮದಂತೆ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ಗುರುತನ್ನು ಇಡಬೇಕು, ಆ ಗುರುತನ್ನು ನಿಲ್ಲಿಸಲು ಬರಬಾರದು. ತಿರುಪತಿಯ ಶ್ರೀಜಾದಂಥ ಮಹಿಳೆಯರದೇ ಹಾಲು ಕಂಪನಿಗಳು ಈ ನಿಯಮಕ್ಕೆ ಒಳಪಡುತ್ತವೆ. ಅಂಥವರು ಮುಂಬಯಿಯ ಫ್ರಾಪೆ ಕಂಪನಿ ಮಾಡಿದ 'ಇ.ಆರ್.ಪಿ.ನೆಕ್ಸ್ಟ್' ನೋಡಬಹುದು. ಅದು ಬ್ರೌಸರಿನಲ್ಲಿ ತೆರೆಯುತ್ತದೆ, ಕಂಪ್ಯೂಟರ್ ಯಾವುದಾದರೂ ಆಗುತ್ತದೆ. ಮೂಲ ತಂತ್ರಾಂಶಕ್ಕೆ ಬೆಲೆಯಿಲ್ಲ, ಇಡುವ ಜಾಗಕ್ಕೆ ಮತ್ತು ಕಲಿಸುವವರಿಗೆ ಬೆಲೆ ಇದೆ. ಅರವತ್ತು ಸದಸ್ಯೆಯರ ಒಂದು ಡೇರಿಗೆ ಮಾತ್ರ ಅದು ಎರಡು ಎಮ್ಮೆಗೆ ಇಪ್ಪತ್ತು ಎಮ್ಮೆಯ ಕೊಟ್ಟಿಗೆ ಕಟ್ಟಿದಂತೆ. ಚೆನ್ನೈಯ ಜೋಹೋ ಬುಕ್ಸ್ ಕೂಡ ಬ್ರೌಸರಿನದೇ, ಕಲಿಯಲು ಸುಲಭ. ಆದರೆ ಲೆಕ್ಕ ಅವರ ಸರ್ವರಿನಲ್ಲಿರುತ್ತದೆ, ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಬಟವಾಡೆ ಕಾಯಬೇಕು.

ಜಿ.ಎಸ್.ಟಿ. ಹೆಸರು ಹೇಳಿ ದೊಡ್ಡ ತಂತ್ರಾಂಶ ಮಾರುವವರಿಗೆ ಬೇಗ ಒಪ್ಪಬೇಡಿರಿ. ಹಸಿ ಹಾಲಿಗೆ ತೆರಿಗೆಯಿಲ್ಲ, ಪಶು ಆಹಾರಕ್ಕೂ ಇಲ್ಲ. ತುಪ್ಪ, ಪೇಡಾ ಇಟ್ಟು ಮಾರುವ ಸಂಘಗಳು ಮಾತ್ರ ಲೆಕ್ಕ ಪರಿಶೋಧಕರನ್ನು ಕೇಳಿಕೊಳ್ಳಲಿ.

ಇನ್ನೊಂದು ತೊಡಕು ನಮ್ಮ ಕನ್ನಡದ್ದೇ. ಸದಸ್ಯೆಯರ ಪಟ್ಟಿಯನ್ನು ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದರೆ ಲಿನಕ್ಸ್‌ನಲ್ಲಿ ತೆರೆದಾಗ ಹೆಸರೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಪಟ್ಟಿ ಹಾಳಾಗಿಲ್ಲ, ಗಾಬರಿ ಬೇಡ. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಈ ಕೆಲಸವನ್ನು ಹಳೆಯ ವಿಂಡೋಸ್ ಅಳಿಸುವ ಮೊದಲೇ ಮುಗಿಸಿಕೊಳ್ಳಿರಿ. ಪರಿವರ್ತಿಸಿದ ಮೇಲೆ ಒತ್ತಕ್ಷರ ಇರುವ ಹೆಸರುಗಳನ್ನು, ನಮ್ಮಲ್ಲಿ ಸತ್ಯವ್ವ, ಲಕ್ಷ್ಮವ್ವ, ಮಲ್ಲವ್ವ ಬಹಳ, ಒಂದೊಂದಾಗಿ ಓದಿ ನೋಡಿರಿ. ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೆ ಹೊಂದದಿದ್ದರೆ ಆಮೇಲೆ ಅಲೆದಾಟ. ಅದೇ ಪಟ್ಟಿಯಲ್ಲಿ ದನದ ಕಿವಿಯೋಲೆಯ 12 ಅಂಕಿಯ ಸಂಖ್ಯೆಗೂ ಒಂದು ಕಲಂ ಇಡಿರಿ. ವಿಮೆಯ ಕಾಗದ ಮಾಡುವಾಗ ನನಗೂ ನಿಮಗೂ ಅರ್ಧ ದಿನ ಉಳಿಯುತ್ತದೆ.

ಬದಲಾವಣೆಯನ್ನು ಏಪ್ರಿಲ್ 1ಕ್ಕೆ, ಹೊಸ ವರ್ಷದ ಲೆಕ್ಕದೊಂದಿಗೆ ಮಾಡುವುದು ಒಳ್ಳೆಯದು. ನಡುವರ್ಷದಲ್ಲಿ ಬದಲಿಸಿದರೆ ಲೆಕ್ಕ ಪರಿಶೋಧನೆಯ ಹೊತ್ತಿಗೆ ಎರಡು ಕಡೆಯ ಬಾಕಿ ಕೂಡಿಸುತ್ತ ಕೂರಬೇಕು. ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಸಾಮಾನ್ಯ ಸಭೆ ಆಗಲೇಬೇಕು. ಅದಕ್ಕೂ ಮೊದಲು, ಜನವರಿಯಲ್ಲೇ, ಲಿನಕ್ಸನ್ನು ಪೆನ್‌ಡ್ರೈವಿನಿಂದ ಓಡಿಸಿ ನೋಡಬಹುದು. ಹಾಗೆ ಓಡಿಸಿದರೆ ಕಂಪ್ಯೂಟರಿನೊಳಗಿನ ಯಾವುದೂ ಅಳಿಯುವುದಿಲ್ಲ. ಪ್ರಿಂಟರ್ ನಡೆಯುತ್ತದೆಯೇ, ಹಾಲು ಪರೀಕ್ಷಾ ಯಂತ್ರದ ಕೇಬಲ್ ಹಿಡಿಯುತ್ತದೆಯೇ ಎಂದು ಆಗಲೇ ತಿಳಿಯುತ್ತದೆ. ಮಾರ್ಚ್ ತಿಂಗಳಿಡೀ ಕೈಬರಹದ ಪುಸ್ತಕವನ್ನೂ ಹೊಸ ತಂತ್ರಾಂಶವನ್ನೂ ಜೊತೆಜೊತೆಗೆ ನಡೆಸಿ. ಪ್ರತಿ ದಿನ ಒಂದು ತಾಳೆ ಸಾಕು: ಸದಸ್ಯೆಯರಿಂದ ಕೊಂಡ ಹಾಲು, ಒಕ್ಕೂಟಕ್ಕೆ ಕಳಿಸಿದ್ದು, ಊರಲ್ಲಿ ಮಾರಿದ್ದು, ಸ್ಯಾಂಪಲ್ ಹಾಲು. ಮೊದಲನೆಯದಕ್ಕೂ ಉಳಿದ ಮೂರರ ಮೊತ್ತಕ್ಕೂ ದಿನವೂ ಒಂದೇ ಕಡೆಗೆ ವ್ಯತ್ಯಾಸ ಬರುತ್ತಿದ್ದರೆ ತೂಕದ ಯಂತ್ರವನ್ನೋ ಕೆ.ಜಿ.-ಲೀಟರ್ ಲೆಕ್ಕವನ್ನೋ ನೋಡಬೇಕು.

ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ಅಧ್ಯಕ್ಷೆಯ ಬಳಿ ಇಡಿರಿ. ಲೆಕ್ಕದ ನಕಲು ಪ್ರತಿ ಸಂಜೆ ಎರಡು ಪೆನ್‌ಡ್ರೈವುಗಳಿಗೆ ಹೋಗಲಿ, ಒಂದು ಕಾರ್ಯದರ್ಶಿಯ ಮನೆಯಲ್ಲಿ, ಒಂದು ಅಧ್ಯಕ್ಷೆಯ ಮನೆಯಲ್ಲಿ. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿರಿ, ಹತ್ತಿರದ ಸಂಘದ ಡೇರಿಯದಾದರೂ ಆದೀತು. ಹಾಲು ಹಾಕುವ ನೀವು ಮಾಡಬೇಕಾದ್ದು ಒಂದೇ ಇದೆ. ಬಟವಾಡೆಯ ದಿನ ಚೀಟಿ ಕೇಳಿ ಪಡೆದು, ಲೀಟರ್, ಫ್ಯಾಟ್, ಹಿಂಡಿಯ ಕಡಿತ ಮೂರನ್ನೂ ನಿಮ್ಮ ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡೇ ಮನೆಗೆ ಹೋಗಿರಿ. ಮುಂದಿನ ಸಲ ನಾನು ನಿಮ್ಮ ಎಮ್ಮೆ ನೋಡಲು ಬಂದಾಗ ಅದನ್ನೇ ಕೇಳುತ್ತೇನೆ.