ಲೈನ್ ಮನೆಯ ಮಕ್ಕಳೂ ಅರಿವು ಕೇಂದ್ರವೂ



ಕಾಫಿ ಕೊಯ್ಲಿನ ದಿನಗಳಲ್ಲಿ ಲೈನ್ ಮನೆಗಳ ತಂದೆತಾಯಿಗಳು ತೋಟದಿಂದ ಮರಳುವಾಗ ಸಂಜೆಯಾಗುತ್ತದೆ. ಶಾಲೆಯಿಂದ ಬಂದ ಮಕ್ಕಳನ್ನು ಅಲ್ಲಿಯವರೆಗೆ ಕೇಳುವವರಿಲ್ಲ. ಓದು ತಪ್ಪುವುದು, ದುಶ್ಚಟ ಹತ್ತುವುದು ಇಂಥ ಹೊತ್ತಿನಲ್ಲೇ.

ಇದಕ್ಕೊಂದು ಪರಿಹಾರ ಗ್ರಾಮ ಪಂಚಾಯತಿಯಲ್ಲೇ ಇದೆ. ಹಳೆಯ ಗ್ರಂಥಾಲಯಗಳೇ ಈಗ 'ಅರಿವು ಕೇಂದ್ರ'ಗಳು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಂತೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪುಸ್ತಕ, ದೀಪ, ಕೂರಲು ಜಾಗ, ವಿಚಾರಿಸಲು ಮೇಲ್ವಿಚಾರಕರು – ಲೈನ್ ಮನೆಯಲ್ಲಿ ಸಿಗದ ಇಷ್ಟು ಅನುಕೂಲ ಮಗುವನ್ನು ಶಾಲೆಯಲ್ಲಿ ಉಳಿಸಬಲ್ಲದು.

ಆದರೆ ತೋಟದಿಂದ ಕೇಂದ್ರ ದೂರ. ಮೂಟೆ ಸಾಗಿಸಲು ಜೀಪು ಕಳಿಸುವ ನಾವು ಈ ಮಕ್ಕಳಿಗೆಂದು ಕಳಿಸಿದ್ದುಂಟೇ? ಕೊಯ್ಲಿಗೆ ಮುನ್ನ ನಮ್ಮ ನಮ್ಮ ಲೈನಿನ ಮಕ್ಕಳ ಹೆಸರು ನೋಂದಾಯಿಸೋಣ. ಕರೆದೊಯ್ದು ಕರೆತರುವ ಹೊಣೆಯನ್ನು ಸರದಿಯಂತೆ ಹೊರೋಣ.

– ಕಾರ್ಯದರ್ಶಿ