ಕಡಲಿಗೊಂದು ಬೇಲಿ: ಮನ್ನಾರ್ ಕೊಲ್ಲಿಯ ಕಳ್ಳಬೇಟೆಯ ವಿಚಾರ

ಕಾಯ್ದಿಟ್ಟ ಅರಣ್ಯದ ಮಗ್ಗುಲಲ್ಲಿ ಬಾಳುವುದೆಂದರೇನೆಂಬುದನ್ನು ತಾಳವಾಡಿ ಸೀಮೆಯ ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮನ್ನು ಸುತ್ತುವರಿದ ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಣಾ ಪ್ರದೇಶವಾಯಿತು. ಆದರೆ ನಾವು ವಾಸಿಸುವ ಈ ತಮಿಳುನಾಡಿನಲ್ಲಿಯೇ ಕಡಲಿಗೂ ಅಂತಹುದೊಂದು ಬೇಲಿಯುಂಟೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ರಾಮೇಶ್ವರಕ್ಕೆ ಹೋದಾಗ, ಪಾಂಬನ್ ಸೇತುವೆಯ ಮೇಲೆ ನಿಂತು ಈ ಸಂಗತಿಯನ್ನು ತಿಳಿಸಿದೆವು. ಒಬ್ಬ ಹುಡುಗ ಕೂಡಲೇ ಕೇಳಿದನು: "ಮೀನು ಹಿಡಿಯಬಾರದು ಅಂದರೆ ಇವರು ಏನು ತಿನ್ನಬೇಕು ಸಾರ್?" ಅಂದು ನಾವು ಕೊಟ್ಟ ಉತ್ತರ ನಮಗೇ ತೃಪ್ತಿಯನ್ನು ಕೊಡಲಿಲ್ಲ. ಈ ಲೇಖನ ಆ ಪ್ರಶ್ನೆಯ ಫಲವೆಂದರೆ ತಪ್ಪಾಗಲಾರದು.

ಮೊದಲು ಸ್ಥಳಪರಿಚಯ. ರಾಮೇಶ್ವರದಿಂದ ತೂತ್ತುಕುಡಿಯವರೆಗೆ ಕರಾವಳಿಗೆ ಸಮೀಪದಲ್ಲಿಯೇ ಸಣ್ಣ ಸಣ್ಣ ದ್ವೀಪಗಳ ಸಾಲೊಂದಿದೆ. ಇವು ಸಂಖ್ಯೆಯಲ್ಲಿ 21. ಈ ದ್ವೀಪಗಳನ್ನೂ ಇವುಗಳ ಸುತ್ತಣ ಹವಳದ ದಿಬ್ಬಗಳನ್ನೂ ಕಡಲಹುಲ್ಲಿನ ಬಯಲುಗಳನ್ನೂ ಸೇರಿಸಿ, ಸುಮಾರು 560 ಚದರ ಕಿಲೋಮೀಟರಿನಷ್ಟು ಪ್ರದೇಶವನ್ನು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1989ರಲ್ಲಿ ಇದರ ಹೊರಗೆ 10,500 ಚದರ ಕಿಲೋಮೀಟರಿನ ಜೀವಗೋಳ ಮೀಸಲನ್ನು ಗುರುತಿಸಲಾಯಿತು. ಅಷ್ಟರೊಳಗೆ ಉದ್ಯಾನವು ಇಪ್ಪತ್ತರಲ್ಲೊಂದು ಪಾಲಿಗಿಂತ ತುಸುವೇ ಹೆಚ್ಚು. ಅಂದರೆ ಕೊಲ್ಲಿಯಲ್ಲೆಲ್ಲಾ ಮೀನು ಹಿಡಿಯಕೂಡದೆಂದು ಯಾರೂ ವಿಧಿಸಿಲ್ಲ. ಬೇಲಿಯಿರುವುದು ದ್ವೀಪಗಳ ಸುತ್ತ, ಮೀನಿನ ಮರಿಗಳು ಬೆಳೆಯುವ ತೊಟ್ಟಿಲಿನ ಸುತ್ತ.

ಈ ಬೇಲಿಯನ್ನು ದಾಟಿ ನಡೆಯುವ ಬೇಟೆ ಹಲವು ಬಗೆಯದು. ಸಿಡಿಮದ್ದನ್ನು ನೀರಿಗೆಸೆದು ಮೀನು ಕೊಲ್ಲುವುದು ಅವುಗಳಲ್ಲಿ ಅತ್ಯಂತ ಕ್ರೂರವಾದುದು. ಸತ್ತ ಮೀನುಗಳಲ್ಲಿ ತೇಲಿಬಂದವು ಮಾತ್ರ ಬೇಟೆಗಾರನಿಗೆ ದಕ್ಕುತ್ತವೆ. ಉಳಿದವು ತಳ ಸೇರುತ್ತವೆ, ಮರಿಮೊಟ್ಟೆಗಳು ನಾಶವಾಗುತ್ತವೆ, ಹವಳ ನುಚ್ಚುನೂರಾಗುತ್ತದೆ. ಹವಳ ಹೋದರೆ ಏನಾಗುವುದೆಂಬುದಕ್ಕೆ ಸಾಕ್ಷಿ ಅಲ್ಲಿಯೇ ಇದೆ. ಸುಣ್ಣಕ್ಕಾಗಿಯೂ ಕಟ್ಟಡಕ್ಕಾಗಿಯೂ ಬಹುಕಾಲ ಹವಳವನ್ನು ಅಗೆದು ಸಾಗಿಸಿದುದೇ ಮುಖ್ಯ ಕಾರಣವಾಗಿ, 21 ದ್ವೀಪಗಳಲ್ಲಿ ಎರಡು ಇಂದು ನೀರಿನಡಿಯಲ್ಲಿವೆ.

ಆದರೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಬೇರೊಂದು ಜೀವಿಯದು. ತಮಿಳರು ಅದನ್ನು 'ಕಡಲ್ ಅಟ್ಟೈ' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಕಡಲಜಿಗಣೆ ಎಂದಂತಾಯಿತು. ಗ್ರಂಥಗಳಲ್ಲಿ ಇದನ್ನು ಸಮುದ್ರಸೌತೆ ಎಂದು ಬರೆಯುವುದುಂಟು. ಎರಡು ಹೆಸರೂ ರೂಪವನ್ನು ಹೇಳುತ್ತವೆಯೇ ಹೊರತು ಗುಣವನ್ನಲ್ಲ. ಇದು ಯಾರ ರಕ್ತವನ್ನೂ ಹೀರದು. ಸಸ್ಯವಂತೂ ಅಲ್ಲವೇ ಅಲ್ಲ. ನಕ್ಷತ್ರಮೀನಿನ ಬಂಧುವಾದ ಈ ಪ್ರಾಣಿಯ ಹಲವು ಜಾತಿಗಳು ತಳದ ಮರಳನ್ನು ನುಂಗಿ, ಅದರಲ್ಲಿನ ಕೊಳೆತ ಅಂಶವನ್ನು ಜೀರ್ಣಿಸಿಕೊಂಡು, ಶುದ್ಧವಾದ ಮರಳನ್ನು ಹೊರಹಾಕುತ್ತವೆ. ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನು ಕಡಲಿನಲ್ಲಿ ಇವು ಮಾಡುತ್ತವೆ.

ನಮ್ಮ ದೇಶದಲ್ಲಿ ಇದನ್ನು ತಿನ್ನುವವರು ಇಲ್ಲವೆನ್ನಬಹುದು. ಕರುಳು ತೆಗೆದು, ಬೇಯಿಸಿ, ಮರಳಿನಲ್ಲಿ ಹೂಳಿ, ತೊಳೆದು, ಮತ್ತೆ ಬೇಯಿಸಿ ಒಣಗಿಸಿದ ಸರಕಿಗೆ ಚೀನಾ, ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಭಾರಿ ಬೆಲೆ. ಈ ಕೊಲ್ಲಿಯಲ್ಲಿ ಮುಳುಗಿ ಇದನ್ನು ಆಯುವ ಕಸುಬು ಬಹಳ ಹಳೆಯದು. 1982ರಲ್ಲಿ 75 ಮಿಲಿಮೀಟರಿಗಿಂತ ಚಿಕ್ಕದಾದ ಒಣಸರಕಿನ ರಫ್ತನ್ನು ಸರ್ಕಾರ ತಡೆಯಿತು. ಅದು ಸಾಲದೆ, 2001ರಲ್ಲಿ ಈ ವರ್ಗದ ಸಮಸ್ತ ಜಾತಿಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಅಂದರೆ ಹುಲಿಯಿರುವ ಪಟ್ಟಿಗೇ, ಸೇರಿಸಿತು.

ಇಷ್ಟು ಕಠಿಣವಾದ ನಿಷೇಧವೇಕೆ? ಇಲ್ಲೊಂದು ಸೂಕ್ಷ್ಮವುಂಟು. ಈ ಪ್ರಾಣಿಗಳಲ್ಲಿ ಹೆಣ್ಣು ಮೊಟ್ಟೆಗಳನ್ನೂ ಗಂಡು ರೇತಸ್ಸನ್ನೂ ನೀರಿಗೇ ಬಿಡುತ್ತವೆ. ಅವು ನೀರಿನಲ್ಲಿ ಕೂಡಬೇಕಾದರೆ ಪ್ರಾಣಿಗಳು ಒತ್ತೊತ್ತಾಗಿರಬೇಕು. ಆಯ್ದು ಆಯ್ದು ವಿರಳವಾದ ಕಡೆಯಲ್ಲಿ ಉಳಿದವು ಬದುಕಿದ್ದರೂ ಸಂತಾನವಾಗುವುದು ಕಷ್ಟ. ಕೊಯ್ದ ಹುಲ್ಲು ಮಳೆ ಬಂದರೆ ಚಿಗುರುತ್ತದೆ, ಇದು ಹಾಗಲ್ಲ. ಒಂದು ಮಿತಿಗಿಂತ ಕಡಿಮೆಯಾದರೆ, ಬೇಟೆ ನಿಂತ ಮೇಲೂ ಮೊದಲಿನ ಸಂಖ್ಯೆಗೆ ಮರಳಲು ದೀರ್ಘಕಾಲ ಬೇಕಾಗುತ್ತದೆ.

ಹಾಗಿದ್ದೂ ಕಳ್ಳಬೇಟೆ ನಿಂತಿಲ್ಲ. ಇದರ ಒಂದು ಕಾರಣ ಗಡಿ. ಧನುಷ್ಕೋಟಿಯಿಂದ ಸಿಂಹಳದ ತಲೈಮನ್ನಾರಿಗೆ ಸುಮಾರು 30 ಕಿಲೋಮೀಟರು. 1974 ಮತ್ತು 1976ರ ಒಪ್ಪಂದಗಳು ಈ ಕಡಲಿನಲ್ಲಿ ಗೆರೆಯೆಳೆದುವು. ಗೆರೆಯ ಈಚೆ ಈ ಪ್ರಾಣಿಯನ್ನು ಮುಟ್ಟಿದರೆ ಸೆರೆಮನೆ. ಆಚೆ ಪರವಾನಗಿ ಪಡೆದು ಹಿಡಿಯಬಹುದು. ಈಚೆ ಕದ್ದ ಸರಕು ಆಚೆ ತಲುಪಿದರೆ ನ್ಯಾಯವಾದ ಸರಕಿನೊಡನೆ ಬೆರೆತುಹೋಗುತ್ತದೆ. ಗೆರೆಯೊಂದು ಮನುಷ್ಯರ ಬಾಳನ್ನು ಹೇಗೆ ಬೇರೆಮಾಡುವುದೆಂಬುದನ್ನು ಗಡಿನಾಡಿನವರಾದ ನಮಗಿಂತ ಚೆನ್ನಾಗಿ ಬಲ್ಲವರಾರು?

ಇನ್ನೊಂದು ಕಾರಣ ಜೀವನೋಪಾಯ. ಕಸುಬು ಒಮ್ಮೆಲೇ ಅಪರಾಧವಾದಾಗ, ಮುಳುಗಿ ಆಯುತ್ತಿದ್ದವನಿಗೆ ನಷ್ಟ ತಪ್ಪಲಿಲ್ಲ. ಬಯಸದಿದ್ದರೂ ಇತರ ಮೀನಿನೊಡನೆ ಇವು ಬಲೆಗೆ ಬೀಳುತ್ತವೆಂದೂ, ನಿಷೇಧವನ್ನು ಸಡಿಲಿಸಬೇಕೆಂದೂ ಮೀನುಗಾರರು ಕೇಳುತ್ತ ಬಂದಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದು ನ್ಯಾಯವಲ್ಲ. ಸರಕನ್ನು ಕೊಂಡು ಸಾಗಿಸುವ ವರ್ತಕನ ಲಾಭ ದೊಡ್ಡದು, ನೀರಿಗಿಳಿಯುವವನದು ಸ್ವಲ್ಪವೇ. 1988ರಲ್ಲಿಯೇ ತೂತ್ತುಕುಡಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನ ಕೇಂದ್ರದ ವಿಜ್ಞಾನಿಗಳು ಇದರ ಒಂದು ಜಾತಿಯ ಮರಿಗಳನ್ನು ತೊಟ್ಟಿಯಲ್ಲಿ ಪಡೆದರು. ಹೀಗೆ ಬೆಳೆಸಿದ ಮರಿಗಳಿಂದ ಕಡಲನ್ನು ತುಂಬಿಸಿ, ಆ ಕೆಲಸದಲ್ಲಿ ಕರಾವಳಿಯವರಿಗೇ ಪಾಲು ಕೊಡುವುದು ಕಾವಲಿನಷ್ಟೇ ಅಗತ್ಯವೆಂದು ನಮಗೆ ತೋರುತ್ತದೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಅವರು ಮೀನನ್ನೇ ತಿನ್ನಲಿ, ಮೀನನ್ನೇ ಮಾರಲಿ. ನಾಳೆಯೂ ಮೀನು ಸಿಕ್ಕಬೇಕೆಂತಲೇ ತೊಟ್ಟಿಲಿಗೆ ಬೇಲಿ. ಬಿತ್ತನೆಯ ಬೀಜವನ್ನು ಕುಟ್ಟಿ ತಿಂದ ಒಕ್ಕಲು ಮುಂದಿನ ವರ್ಷ ಏನು ಬಿತ್ತೀತು? ಈ ಮಾತು ನಮ್ಮ ರೈತರ ಮಕ್ಕಳಿಗೆ ಸುಲಭವಾಗಿ ಅರ್ಥವಾಗುತ್ತದೆ. "ಮಾಡಬೇಡ" ಎಂದು ಹೇಳಲು ಫಲಕವಿದೆ, ಕಾವಲುಗಾರನಿದ್ದಾನೆ. "ಏಕೆ" ಎಂಬುದನ್ನು ಹೇಳಬೇಕಾದವರು ಉಪಾಧ್ಯಾಯರು. ಕಾರಣ ತಿಳಿಸದ ನಿಷೇಧ ಕಾಡಿನಲ್ಲಿಯೂ ನಿಲ್ಲದು, ಕಡಲಿನಲ್ಲಿಯೂ ನಿಲ್ಲದು.